ಮನೆ ಮಾಡಿನ ಮೇಲೆ ಹಸು: ಕಸ್ಟರ್ ಕೌಂಟಿಯ ಹಳೇ ಫೋಟೋಗಳನ್ನು ಎಷ್ಟು ನಂಬಬಹುದು?

ಬಯಲು_ಪಯಣಿಗ
ಎಲ್ಲರಿಗೂ ನಮಸ್ಕಾರ. ನಾನು ಎರಡು ವರ್ಷದಿಂದ ಅಮೆರಿಕದ ನೆಬ್ರಾಸ್ಕಾ ರಾಜ್ಯದ ಲಿಂಕನ್‌ನಲ್ಲಿದ್ದೇನೆ. ಹೋದ ತಿಂಗಳು ಹೆದ್ದಾರಿ 2 ಹಿಡಿದು ಬ್ರೋಕನ್ ಬೋ ಎನ್ನುವ ಊರಿಗೆ ಹೋಗಿದ್ದೆ. ಕಸ್ಟರ್ ಕೌಂಟಿಯ ಕಚೇರಿಗಳೆಲ್ಲ ಇರುವುದು ಅಲ್ಲೇ. ಕೌಂಟಿ ಅಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆ ಇದ್ದ ಹಾಗೆ. ಆದರೆ ಇಡೀ ಕೌಂಟಿಯ ಜನ ಸೇರಿದರೂ ಹತ್ತೂವರೆ ಸಾವಿರ ಅಷ್ಟೆ.

ವಾಪಸ್ ಬಂದ ಮೇಲೆ ಸಾಲೊಮನ್ ಬುಚರ್ ತೆಗೆದ ಫೋಟೋಗಳನ್ನು ನೋಡುತ್ತಾ ಕೂತೆ. ಬೆಳಗಿನ ಜಾವದವರೆಗೂ ಏಳಲು ಮನಸ್ಸಾಗಲಿಲ್ಲ. ಈತ 1886ರಿಂದ ಏಳು ವರ್ಷ ಕುದುರೆಗಾಡಿ ಕಟ್ಟಿಕೊಂಡು ಇದೇ ಕೌಂಟಿಯಲ್ಲಿ ಮನೆಯಿಂದ ಮನೆಗೆ ಸುತ್ತಿದ್ದಾನೆ. 1500ಕ್ಕೂ ಜಾಸ್ತಿ ಫೋಟೋ ತೆಗೆದಿದ್ದಾನೆ. ಸರ್ಕಾರದಿಂದ ಜಮೀನು ಪಡೆದು ಬಂದು ನೆಲೆಸಿದ ಬಡ ರೈತರು, ಹುಲ್ಲಿನ ಬೇರು ಹಿಡಿದ ಮಣ್ಣಿನ ಹೆಂಟೆಗಳನ್ನೇ ಇಟ್ಟಿಗೆ ಮಾಡಿ ಕಟ್ಟಿದ ಮನೆಗಳು, ಬರಿಗಾಲಿನ ಮಕ್ಕಳು, ನಾಯಿ, ಕುದುರೆ. ಸುತ್ತ ಒಂದು ಮರ ಇಲ್ಲ.

ನನ್ನ ತಕರಾರು ಇಷ್ಟು. ಎಲ್ಲ ಕಡೆ ಇವನ್ನು 'ದಿನನಿತ್ಯದ ಬದುಕಿನ ಚಿತ್ರಗಳು' ಎಂದು ಕರೆಯುತ್ತಾರೆ. ದಿನನಿತ್ಯದ ಬದುಕು ಎಲ್ಲಿದೆ? ಎಲ್ಲರೂ ಮನೆ ಮುಂದೆ ಸಾಲಾಗಿ ನಿಂತಿದ್ದಾರೆ. ಮೇಜು ಅಂಗಳಕ್ಕೆ ಬಂದಿದೆ. ರಾಡಿಂಗ್ ಕುಟುಂಬದ ಫೋಟೋದಲ್ಲಿ ಮೇಜಿನ ಮೇಲೆ ಕಲ್ಲಂಗಡಿ ಹಣ್ಣು, ಹಿಂದೆ ಮನೆಯ ಮಾಡಿನ ಮೇಲೆ ಹಸು! ಯಾರು ದಿನಾ ಹೀಗೆ ಕೂತು ಊಟ ಮಾಡುತ್ತಾರೆ? ಇದನ್ನು ಇತಿಹಾಸದ ಸಾಕ್ಷಿ ಅಂತ ಒಪ್ಪಬಹುದಾ? ನಿಮಗೆ ಏನನ್ನಿಸುತ್ತದೆ ಹೇಳಿ.

ಗಾಜಿನ_ಪ್ಲೇಟು
ಮೊದಲು ಹಸುವಿನ ವಿಷಯ. ಅದು ಯಾರೋ ಹತ್ತಿಸಿದ ಹಸು ಅಲ್ಲ. ಆ ಮನೆಯನ್ನು ಗುಡ್ಡದ ಬದಿ ಕೊರೆದು ಕಟ್ಟಿದ್ದಾರೆ. ಹಿಂದಿನ ಗುಡ್ಡವೂ ಮನೆಯ ಮಾಡೂ ಒಂದೇ ಎತ್ತರ, ಎರಡರ ಮೇಲೂ ಹುಲ್ಲು. ಹಸು ಮೇಯುತ್ತಾ ಬಂದು ನಿಂತಿದೆ. ಮುಂದಿನಿಂದ ನೋಡಿದರೆ ಮಾಡಿನ ಮೇಲೆ ನಿಂತ ಹಾಗೆ ಕಾಣುತ್ತದೆ. ಇದಕ್ಕಿಂತ ದಿನನಿತ್ಯದ ಸಂಗತಿ ಬೇಕಾ?

ತುಂಗಾತೀರ
ಅಯ್ಯೋ, ನಾನೂ ಇಷ್ಟು ದಿನ ಹಸುವನ್ನು ಬೇಕಂತಲೇ ನಿಲ್ಲಿಸಿದ್ದಾರೆ ಅಂದುಕೊಂಡಿದ್ದೆ.

ಹಳೇ_ಕ್ಯಾಮೆರಾ
ಪಯಣಿಗರೇ, ಜನ ಹೊರಗೆ ನಿಂತಿದ್ದಕ್ಕೆ ಕಾರಣ ತುಂಬಾ ಸರಳ. ಬೆಳಕು. ಹುಲ್ಲುಮಣ್ಣಿನ ಮನೆಯ ಗೋಡೆ ಎರಡರಿಂದ ಮೂರು ಅಡಿ ದಪ್ಪ. ಕಿಟಕಿಗೆ ಗಾಜು ದುಡ್ಡು ಕೊಟ್ಟು ತರಬೇಕು, ಅದಕ್ಕೇ ಒಂದೋ ಎರಡೋ ಸಣ್ಣ ಕಿಟಕಿ. ಒಳಗೆ ಹಗಲಲ್ಲೂ ಕತ್ತಲೆ. ಆಗ ಫಿಲ್ಮ್ ಬದಲು ಬಳಸುತ್ತಿದ್ದ ಗಾಜಿನ ಪ್ಲೇಟಿನಲ್ಲಿ ಒಳಗಿನ ಚಿತ್ರ ತೆಗೆಯುವುದು ಭಾರಿ ಕಷ್ಟ. ಹೊರಗೆ ಬನ್ನಿ ಅನ್ನದೆ ಇನ್ನೇನು ಅನ್ನುತ್ತಾನೆ?

ಆಗ ಒಂದು ಫೋಟೋಗೆ ಹತ್ತು ನಿಮಿಷ ಅಲುಗಾಡದೆ ನಿಲ್ಲಬೇಕಿತ್ತು. ಅದಕ್ಕೇ ಯಾರೂ ನಗುವುದಿಲ್ಲ.

ಗಾಜಿನ_ಪ್ಲೇಟು
ಸರ್, ಕೊನೆಯ ಮಾತು ಒಪ್ಪುವುದಿಲ್ಲ. ಹತ್ತು ನಿಮಿಷ ಎನ್ನುವುದು 1840ರ ಆಸುಪಾಸಿನ ಕಥೆ. ಬುಚರ್ ಬಳಸಿದ್ದು ಜೆಲಟಿನ್ ಒಣ ಪ್ಲೇಟು, ಅಂದರೆ ಬೆಳಕು ಹಿಡಿಯುವ ಲೇಪ ಮೊದಲೇ ಹಚ್ಚಿ ಒಣಗಿಸಿದ ಗಾಜು. ಕಾರ್ಖಾನೆಯಲ್ಲಿ ಮಾಡಿ ಪೆಟ್ಟಿಗೆಯಲ್ಲಿ ಮಾರುತ್ತಿದ್ದರು. ಬಿಸಿಲಿನಲ್ಲಿ ಒಂದು ಕ್ಷಣ ಸಾಕು. ಅದಕ್ಕೇ ಜನರು, ಕುದುರೆಗಳು ಅಷ್ಟು ಸ್ಪಷ್ಟವಾಗಿ ಬಂದಿರುವುದು. ತಲೆ ತಿರುಗಿಸಿದ ನಾಯಿ ಮಾತ್ರ ಮಸುಕು. ನಗದೆ ಇರುವುದಕ್ಕೆ ಕಾರಣ ಬೇರೆ. ಜೀವನದಲ್ಲಿ ಒಂದೋ ಎರಡೋ ಸಲ ಫೋಟೋ ತೆಗೆಸುವವರು ಗಂಭೀರವಾಗಿಯೇ ನಿಲ್ಲುತ್ತಿದ್ದರು.

ಇನ್ನೊಂದು ವಿಷಯ. ಆ ಪ್ಲೇಟುಗಳಿಗೆ ನೀಲಿ ಬೆಳಕು ಜಾಸ್ತಿ ತಾಗುತ್ತದೆ, ಕೆಂಪು ತಾಗುವುದೇ ಇಲ್ಲ. ಹಾಗಾಗಿ ಆಕಾಶ ಬಿಳಿ ಹಾಳೆಯ ಹಾಗೆ ಬರುತ್ತದೆ. ಬಿಸಿಲಿಗೆ ಕೆಂಪಾದ ಮುಖ ಇನ್ನೂ ಕಪ್ಪಾಗಿ ಕಾಣುತ್ತದೆ. ನೀಲಿ ಕಣ್ಣು ಬೆಳ್ಳಗೆ ಬಿಟ್ಟುಕೊಂಡ ಹಾಗೆ ಕಾಣುತ್ತದೆ. ಇವರನ್ನು ನೋಡಿ 'ಎಷ್ಟು ದುಃಖದ ಮುಖಗಳು' ಅನ್ನುವವರು ಇದನ್ನು ನೆನಪಿಡಬೇಕು.

ಹಳೇ_ಕ್ಯಾಮೆರಾ
ಸರಿ, ಒಣ ಪ್ಲೇಟಿನ ವಿಷಯ ಒಪ್ಪಿದೆ. ತಿದ್ದಿದ್ದಕ್ಕೆ ಥ್ಯಾಂಕ್ಸ್. ಬೆಳಕಿನ ಮಾತು ಮಾತ್ರ ಬಿಟ್ಟುಕೊಡುವುದಿಲ್ಲ.

ಶಾಲ್ಮಲಾ
ಹಿಲ್ಟನ್ ಕುಟುಂಬದ ಫೋಟೋ ನೋಡಿದ್ದೀರಾ? ನನ್ನ ಪ್ರಕಾರ ಪಯಣಿಗರ ಪ್ರಶ್ನೆಗೆ ಉತ್ತರ ಅದರಲ್ಲೇ ಇದೆ.

ಆ ಮನೆಯಲ್ಲಿ ಒಂದು ಪಂಪ್ ಆರ್ಗನ್ ಇತ್ತು. ಕಾಲಿನಲ್ಲಿ ತುಳಿದು ಗಾಳಿ ಊದಿ ನುಡಿಸುವ ವಾದ್ಯ, ನಮ್ಮ ನಾಟಕ ಕಂಪನಿಗಳ ಕಾಲು ಹಾರ್ಮೋನಿಯಂ ನೆನಪಿಸಿಕೊಳ್ಳಿ. ಪೂರ್ವದ ಊರುಗಳಲ್ಲಿರುವ ನೆಂಟರಿಗೂ ಸ್ನೇಹಿತರಿಗೂ ಅದನ್ನು ತೋರಿಸಬೇಕೆಂದು ಮನೆಯ ಹೆಂಗಸಿಗೆ ಆಸೆ. ಆದರೆ ಮಣ್ಣಿನ ಮನೆಯಲ್ಲಿ ಇದ್ದೇವೆ ಎಂದು ಅವರಿಗೆ ಗೊತ್ತಾಗಬಾರದು. ಅದಕ್ಕೆ ಏನು ಮಾಡಿದರು? ಆ ಭಾರದ ಆರ್ಗನ್ನನ್ನು ಹೊತ್ತು ಹೊರಗೆ ದನದ ಅಂಗಳಕ್ಕೆ ತಂದರು. ಅದರ ಸುತ್ತ ನಿಂತು ಫೋಟೋ ತೆಗೆಸಿದರು. ಆಮೇಲೆ ಮತ್ತೆ ಹೊತ್ತುಕೊಂಡು ಒಳಗಿಟ್ಟರು. ಫೋಟೋದಲ್ಲಿ ಮನೆಯೇ ಇಲ್ಲ!

ಇದು ಜೋಡಿಸಿದ್ದು, ಒಪ್ಪುತ್ತೇನೆ. ಆದರೆ ಆ ತಾಯಿಯ ಮನಸ್ಸಿನಲ್ಲಿ ಏನಿತ್ತು ಅನ್ನುವುದು ಇದಕ್ಕಿಂತ ಚೆನ್ನಾಗಿ ಗೊತ್ತಾಗುವ ಇನ್ನೊಂದು ದಾರಿ ಇದೆಯಾ? ಅವಳ ಹೆಮ್ಮೆ, ಅವಳ ನಾಚಿಕೆ ಎರಡೂ ಒಂದೇ ಪ್ಲೇಟಿನಲ್ಲಿದೆ. ನೀವು ಬದುಕು ಎಲ್ಲಿದೆ ಅಂತ ಕೇಳಿದಿರಿ. ಹೊರಗೆ ಏನನ್ನು ತಂದಿಟ್ಟರು, ಏನನ್ನು ಬಚ್ಚಿಟ್ಟರು ನೋಡಿ. ಅಲ್ಲಿದೆ.

ಒಮಾಹಾ_ಅಕ್ಕ
ಶಾಲ್ಮಲಾ, ಚೆನ್ನಾಗಿ ಹೇಳಿದೆ. ನಾನು ಅಮೆರಿಕಕ್ಕೆ ಬಂದ ಮೊದಲ ವರ್ಷ ನೆಲಮಾಳಿಗೆಯ ಒಂದು ಸಣ್ಣ ಕೋಣೆಯಲ್ಲಿ ಬಾಡಿಗೆಗೆ ಇದ್ದೆ. ಗೋಡೆ ತುಂಬಾ ತೇವದ ಕಲೆ. ಅಮ್ಮನಿಗೆ ಕಳಿಸಿದ ಫೋಟೋಗಳೆಲ್ಲ ಎದುರು ಬೀದಿಯ ಗುಲಾಬಿ ಗಿಡಗಳ ಮುಂದೆ ನಿಂತು ತೆಗೆಸಿದ್ದು. ಆ ಹೆಂಗಸು ಏಕೆ ಹಾಗೆ ಮಾಡಿದಳು ಅಂತ ನನಗೆ ಯಾರೂ ವಿವರಿಸಬೇಕಿಲ್ಲ.

ಬಯಲು_ಪಯಣಿಗ
ಶಾಲ್ಮಲಾ ಅವರೇ, ಮಾತು ತಾಗಿತು. ಆದರೆ ಪೂರ್ತಿ ಒಪ್ಪಲಾರೆ. ಬುಚರ್ ಬರೀ ಜನರನ್ನು ಜೋಡಿಸಿ ನಿಲ್ಲಿಸಲಿಲ್ಲ, ನೆಗೆಟಿವ್ ಮೇಲೇ ಕೈ ಆಡಿಸಿದ್ದಾನೆ. ಸ್ವೇನ್ ಫಿಂಚ್ ಎನ್ನುವ ದನಗಾರರು 1876ರಲ್ಲಿ ಮೆಕ್ಕೆಜೋಳದ ಹೊಲಕ್ಕೆ ಬಂದ ಮಿಡತೆಗಳನ್ನು ಹೇಗೆ ಹೊಡೆದೆ ಎಂದು ತೋರಿಸುವ ಫೋಟೋ ಇದೆ. ತೆಗೆದದ್ದು ಸುಮಾರು 1900ರಲ್ಲಿ. ಆಗ ಮಿಡತೆ ಎಲ್ಲಿಂದ ಬರಬೇಕು? ಎಲ್ಲ ಮಿಡತೆಗಳನ್ನೂ ಪ್ಲೇಟಿನ ಮೇಲೆ ಕೈಯಲ್ಲಿ ಬರೆದು ಸೇರಿಸಿದ್ದಾನೆ!

ಇನ್ನೊಂದು ಫೋಟೋದಲ್ಲಿ ಮುಖ ಮುಚ್ಚಿಕೊಂಡವರು ರಾತ್ರಿ ತಂತಿಬೇಲಿ ಕತ್ತರಿಸುತ್ತಿದ್ದಾರೆ. ಘಟನೆ ನಡೆದದ್ದು 1885ರಲ್ಲಿ. ಬ್ರೈಟನ್ ರಾಂಚ್ ಎನ್ನುವ ದೊಡ್ಡ ದನದ ಫಾರಂನವರು ಹಾಕಿದ 15 ಮೈಲಿ ಬೇಲಿಯನ್ನು ರೈತರು ಕಿತ್ತರು. ಫೋಟೋ ಮಾತ್ರ ಎಷ್ಟೋ ವರ್ಷ ಬಿಟ್ಟು ಜನರನ್ನು ನಿಲ್ಲಿಸಿ ತೆಗೆದದ್ದು. ಇದು ನಾಟಕ ಅಲ್ವಾ?

ಮರಳುಗುಡ್ಡ
ಆ ಎರಡು ಫೋಟೋ ಅವನು 1901ರಲ್ಲಿ ಹೊರತಂದ ಕೌಂಟಿಯ ಇತಿಹಾಸದ ಪುಸ್ತಕಕ್ಕಾಗಿ ಮಾಡಿದ್ದು. ಹಳೇ ಘಟನೆಗಳಿಗೆ ಚಿತ್ರ ಬೇಕಿತ್ತು, ಆಡಿ ತೋರಿಸಿದರು. ಮನೆಮುಂದಿನ ಫೋಟೋಗಳನ್ನು ಅದರ ಜೊತೆ ಸೇರಿಸಬೇಡಿ. ಎರಡೂ ಬೇರೆ ಬೇರೆ ಕೆಲಸ.

ಮಿಡತೆಯ ಫೋಟೋ ಬಗ್ಗೆ ಇನ್ನೊಂದು ಸಂಗತಿ. ಆ ಪುಸ್ತಕಕ್ಕೆ ದುಡ್ಡು ಕೊಟ್ಟವರೇ ಈ ಸ್ವೇನ್ ಫಿಂಚ್! ಅವರಿಲ್ಲದಿದ್ದರೆ ಪುಸ್ತಕ ಅಚ್ಚಾಗುತ್ತಲೇ ಇರಲಿಲ್ಲ.

ತುಂಗಾತೀರ
ಬುಚರ್ ಯಾರು, ಎಲ್ಲಿಯವನು? ಸ್ವಲ್ಪ ಹೇಳಿ ಯಾರಾದರೂ.

ಮರಳುಗುಡ್ಡ
ಹುಟ್ಟಿದ್ದು 1856ರಲ್ಲಿ, ಆಗ ವರ್ಜೀನಿಯಾದಲ್ಲಿದ್ದು ಈಗ ವೆಸ್ಟ್ ವರ್ಜೀನಿಯಾಕ್ಕೆ ಸೇರಿರುವ ಜಾಗದಲ್ಲಿ. ಬೆಳೆದದ್ದು ಇಲಿನಾಯ್. 1880ರಲ್ಲಿ ಅಪ್ಪನ ಜೊತೆ ಮುಚ್ಚುಗಾಡಿಯಲ್ಲಿ ಕಸ್ಟರ್ ಕೌಂಟಿಗೆ ಬಂದ. ತನ್ನ ಹೆಸರಿಗೂ ಜಮೀನು ಬರೆಸಿಕೊಂಡ. ಎರಡೇ ವಾರ! ಬೇಸಾಯ ತನ್ನಿಂದಾಗದು ಎಂದು ಜಮೀನನ್ನು ಸರ್ಕಾರಕ್ಕೆ ವಾಪಸ್ ಕೊಟ್ಟ. ಮಿನಿಯಾಪೊಲಿಸ್‌ಗೆ ಹೋಗಿ ವೈದ್ಯಕೀಯ ಓದಲು ಶುರು ಮಾಡಿ ಅದನ್ನೂ ಬಿಟ್ಟ. ಮದುವೆಯಾಗಿ 1882ರಲ್ಲಿ ಮತ್ತೆ ಇಲ್ಲಿಗೇ ಬಂದ. ಶಾಲೆಯಲ್ಲಿ ಪಾಠ ಹೇಳಿ ಕೂಡಿಟ್ಟ ದುಡ್ಡಿನಲ್ಲಿ ಕ್ಯಾಮೆರಾ ಕೊಂಡ.

1886ರಲ್ಲಿ ಈ ಕೌಂಟಿಯ ಇತಿಹಾಸವನ್ನು ಫೋಟೋದಲ್ಲೇ ಬರೆಯಬೇಕು ಎನ್ನುವ ಯೋಚನೆ ಹೊಳೆಯಿತು. ಏಳು ಹಗಲು ಏಳು ರಾತ್ರಿ ನಿದ್ದೆ ಬರಲಿಲ್ಲವಂತೆ, ಅವನೇ ಬರೆದುಕೊಂಡಿದ್ದಾನೆ. ನನಗೆ ಈ ಮನುಷ್ಯನ ಮೇಲೆ ತುಂಬಾ ಪ್ರೀತಿ. ಹಿಡಿದ ಕೆಲಸವನ್ನೆಲ್ಲ ಬಿಟ್ಟವನು ಇದೊಂದನ್ನು ಬಿಡಲಿಲ್ಲ.

ದೋಸೆಕಲ್ಲು
ಊಟ ತಿಂಡಿ ಹೇಗೆ ನಡೆಯುತ್ತಿತ್ತು? ಅಷ್ಟು ಬಡ ರೈತರು ಫೋಟೋಗೆ ದುಡ್ಡು ಎಲ್ಲಿಂದ ಕೊಡುತ್ತಾರೆ?

ಮರಳುಗುಡ್ಡ
ಕೆಲವರು ದುಡ್ಡು ಕೊಟ್ಟರು. ಎಷ್ಟೋ ಕಡೆ ರಾತ್ರಿ ಮಲಗಲು ಜಾಗ, ಊಟ, ಕುದುರೆಗೆ ಮೇವು. ಅವನು ಬರೀ ಫೋಟೋ ತೆಗೆದು ಹೋಗುತ್ತಿರಲಿಲ್ಲ, ಕೂತು ಅವರ ಕಥೆ ಬರೆದುಕೊಳ್ಳುತ್ತಿದ್ದ. ಎಲ್ಲಿಂದ ಬಂದಿರಿ, ಯಾಕೆ ಬಂದಿರಿ, ಮೊದಲ ಚಳಿಗಾಲ ಹೇಗೆ ಕಳೆದಿರಿ ಅಂತ. ಆ ಬರಹಗಳೆಲ್ಲ 1899ರಲ್ಲಿ ಅವನ ಮನೆಗೆ ಬೆಂಕಿ ಬಿದ್ದಾಗ ಸುಟ್ಟುಹೋದವು. ಪ್ರಿಂಟುಗಳೂ ಹೋದವು. ಗಾಜಿನ ನೆಗೆಟಿವ್‌ಗಳು ಮಾತ್ರ ಕಾಳಿನ ಕಣಜದಲ್ಲಿದ್ದವು, ಹಾಗಾಗಿ ಉಳಿದವು. ಸುಟ್ಟುಹೋದದ್ದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ಶಾಲ್ಮಲಾ
ಕಣಜ! ಕಾಳಿನ ಜೊತೆ ಗಾಜೂ ಉಳಿಯಿತು. 🙏

ಕುಂದಗೋಳ_ಹುಡುಗಿ
ಅಡುಗೆಗೆ ಏನು ಉರಿಸುತ್ತಿದ್ದರು? ಮರ ಇಲ್ಲ ಅಂದಿರಲ್ಲ.

ಒಮಾಹಾ_ಅಕ್ಕ
ಸಗಣಿ ಕಣಮ್ಮ! ಮೊದಲು ಕಾಡೆಮ್ಮೆಯ ಒಣ ಸಗಣಿ, ಆಮೇಲೆ ದನದ್ದು. ಅದು ಸಿಗದಾಗ ಒಣಹುಲ್ಲನ್ನು ಹಗ್ಗದ ಹಾಗೆ ಹೊಸೆದು ಉರಿಸುತ್ತಿದ್ದರು. ಮೆಕ್ಕೆಜೋಳ ಬಿಡಿಸಿದ ದಿಂಡನ್ನೂ ಉರಿಸುತ್ತಿದ್ದರು. ಪೂರ್ವದಿಂದ ಬಂದ ಹೆಂಗಸರು ಮೊದಮೊದಲು ಸಗಣಿ ಮುಟ್ಟಲು ಅಸಹ್ಯಪಡುತ್ತಿದ್ದರು. ಆಮೇಲೆ ಅಭ್ಯಾಸ ಆಯಿತು.

ಕುಂದಗೋಳ_ಹುಡುಗಿ
ಹಾಗಾದರೆ ಕುಳ್ಳು! ನಮ್ಮ ಅಜ್ಜಿ ಗೋಡೆಗೆ ಬಡಿಯುತ್ತಿದ್ದಳು.

ತುಂಗಾತೀರ
ಬೆರಣಿ ಅನ್ನಿ.

ಕುಂದಗೋಳ_ಹುಡುಗಿ
ನಿಮ್ಮ ಕಡೆ ಬೆರಣಿ, ನಮ್ಮ ಕಡೆ ಕುಳ್ಳು.

ಗಾಜಿನ_ಪ್ಲೇಟು
ಎರಡೂ ಸರಿಯಿಲ್ಲ. ಬೆರಣಿಯಾಗಲಿ ಕುಳ್ಳಾಗಲಿ ಕೈಯಲ್ಲಿ ತಟ್ಟಿದ್ದು. ಅಲ್ಲಿಯವರು ಬಯಲಿನಲ್ಲಿ ತಾನಾಗಿಯೇ ಒಣಗಿದ್ದನ್ನು ಆರಿಸಿ ತರುತ್ತಿದ್ದರು. ಹಾಗೆ ಆರಿಸಿದ ಒಣ ಸಗಣಿ ತುಂಬಿದ ಕೈಗಾಡಿಯ ಜೊತೆ ನಿಂತ ಹೆಂಗಸಿನ ಫೋಟೋ ಕಾನ್ಸಾಸ್ ಕಡೆಯದ್ದು ಒಂದು ತುಂಬಾ ಪ್ರಸಿದ್ಧ.

ದೋಸೆಕಲ್ಲು
ಮನೆ ಮಳೆಗೆ ಸೋರುತ್ತಿರಲಿಲ್ಲವಾ? ನಮ್ಮ ಚಿತ್ರದುರ್ಗದ ಕಡೆ ಮಾಳಿಗೆ ಮನೆಗಳ ಮೇಲೆ ಮಣ್ಣು ಹಾಕುತ್ತಾರೆ, ವರ್ಷ ವರ್ಷ ಸೌಳು ಮಣ್ಣು ಬಳಿಯದಿದ್ದರೆ ಸೋರುತ್ತದೆ.

ಮರಳುಗುಡ್ಡ
ಸೋರದೆ ಇರುತ್ತಾ! ಹೊರಗೆ ಒಂದು ದಿನ ಮಳೆ ಬಂದರೆ ಒಳಗೆ ಮೂರು ದಿನ ತೊಟ್ಟಿಕ್ಕುತ್ತಿತ್ತು. ಒಲೆಯ ಮೇಲಿನ ಪಾತ್ರೆಗೆ ಕೆಸರು ಬೀಳದಂತೆ ಒಬ್ಬರು ಛತ್ರಿ ಹಿಡಿದು ನಿಲ್ಲಬೇಕಿತ್ತು. ಮಾಡಿನ ಹುಲ್ಲಿನಿಂದ ಇಲಿ, ಕೆಲವೊಮ್ಮೆ ಹಾವು ಮಂಚದ ಮೇಲೆ ಬೀಳುತ್ತಿತ್ತು. ಅದಕ್ಕೇ ಮಾಡಿನ ಕೆಳಗೆ ಬಟ್ಟೆ ಕಟ್ಟುತ್ತಿದ್ದರು.

ಕಟ್ಟುವ ರೀತಿ ಚೆಂದ. ವಿಶೇಷ ನೇಗಿಲಿನಿಂದ ಒಂದು ಅಡಿ ಅಗಲದ ಪಟ್ಟಿಯಾಗಿ ಹುಲ್ಲುನೆಲ ಸೀಳುವುದು. ಗುದ್ದಲಿಯಲ್ಲಿ ಎರಡು ಮೂರು ಅಡಿ ಉದ್ದಕ್ಕೆ ಕತ್ತರಿಸುವುದು. ಹುಲ್ಲಿನ ಮುಖ ಕೆಳಗೆ ಬರುವಂತೆ ಇಟ್ಟಿಗೆಯ ಹಾಗೆ ಪೇರಿಸುವುದು. ಒಂದು ಸಣ್ಣ ಮನೆಗೆ ಸುಮಾರು ಅರ್ಧ ಎಕರೆ ನೆಲದ ಹುಲ್ಲು ಬೇಕು. ಬೇಸಿಗೆಯಲ್ಲಿ ತಂಪು, ಚಳಿಗಾಲದಲ್ಲಿ ಬೆಚ್ಚಗೆ. 1888ರ ಜನವರಿ 12ರ ಹಿಮಬಿರುಗಾಳಿಯಲ್ಲಿ ಶಾಲೆಗೆ ಹೋದ ಎಷ್ಟೋ ಮಕ್ಕಳು ದಾರಿಯಲ್ಲೇ ಸತ್ತರು. ಮಣ್ಣಿನ ಗೋಡೆಯ ಒಳಗೆ ಇದ್ದವರು ಬದುಕಿಕೊಂಡರು.

ಎಲ್ಲ ಮನೆಗಳೂ ಗುಡಿಸಲಲ್ಲ ಮತ್ತೆ. ಬ್ರೋಕನ್ ಬೋ ಹತ್ತಿರ ಬೆಲ್ಜಿಯಂನಿಂದ ಬಂದ ಇಸಿಡೋರ್ ಹೌಮಾಂಟ್ 1880ರ ದಶಕದಲ್ಲಿ ಎರಡು ಅಂತಸ್ತಿನ ಹುಲ್ಲುಮಣ್ಣಿನ ಮನೆ ಕಟ್ಟಿದರು. ಸುಮಾರು 500 ಡಾಲರ್ ಖರ್ಚು. ಅದು 1967ರವರೆಗೂ ನಿಂತಿತ್ತು!

ಬಯಲು_ಪಯಣಿಗ
ಮನೆ ಕಟ್ಟುವ ವಿಷಯ ತುಂಬಾ ಚೆನ್ನಾಗಿದೆ, ಆದರೆ ನನ್ನ ಪ್ರಶ್ನೆ ದೂರ ಹೋಯಿತು. 😊

ಕಾವೇರಿಕಣಿವೆ
ನಾನು ಪ್ರಶ್ನೆಗೆ ವಾಪಸ್ ಬರುತ್ತೇನೆ, ಆದರೆ ನನ್ನ ಸಿಟ್ಟು ಬೇರೆ ಕಡೆಗೆ.

ಎಲ್ಲರೂ ಫೋಟೋದಲ್ಲಿ ಇರುವುದರ ಬಗ್ಗೆ ಮಾತಾಡುತ್ತಿದ್ದೀರಿ. ಇಲ್ಲದವರ ಮಾತು ಯಾರೂ ಎತ್ತಲಿಲ್ಲ. ಆ ನೆಲ ಖಾಲಿ ಇತ್ತಾ? ಲೂಪ್ ನದಿಯ ಆ ಇಡೀ ಸೀಮೆ ಪಾನಿ ಎನ್ನುವ ಮೂಲನಿವಾಸಿ ಜನರದ್ದು. 1857ರ ಒಪ್ಪಂದದಲ್ಲಿ ಅವರಿಗೆ ಒಂದು ಸಣ್ಣ ಜಾಗ ಬಿಟ್ಟು ಉಳಿದದ್ದನ್ನೆಲ್ಲ ತೆಗೆದುಕೊಂಡರು. 1870ರ ದಶಕದ ನಡುವೆ ಅಲ್ಲಿಂದಲೂ ಎಬ್ಬಿಸಿ ಈಗಿನ ಒಕ್ಲಹೋಮಾಕ್ಕೆ ಕಳಿಸಿದರು. ಕೌಂಟಿ ಆದದ್ದು 1877ರಲ್ಲಿ. ಹೆಸರು ಯಾರದ್ದು? ಹಿಂದಿನ ವರ್ಷ ಲಕೋಟಾ ಮತ್ತು ಚೆಯೆನ್ ಜನರ ವಿರುದ್ಧ ಯುದ್ಧ ಮಾಡಲು ಹೋಗಿ ಸತ್ತ ಸೇನಾಧಿಕಾರಿ ಕಸ್ಟರ್‌ನದ್ದು. ಬ್ರೋಕನ್ ಬೋ ಅಂದರೆ ಮುರಿದ ಬಿಲ್ಲು. ಮೂಲನಿವಾಸಿಗಳ ಮುರಿದ ಬಿಲ್ಲೊಂದು ವಲಸಿಗರೊಬ್ಬರಿಗೆ ಸಿಕ್ಕಿತ್ತು, ಅಂಚೆ ಕಚೇರಿಗೆ ಅದೇ ಹೆಸರಿಟ್ಟರು.

ಊರಿನ ಹೆಸರಲ್ಲಿ ಬಿಲ್ಲು ಉಳಿದಿದೆ. ಮನೆಮುಂದಿನ ಆ ಸಾಲುಗಳಲ್ಲಿ ಬಿಲ್ಲು ಹಿಡಿದವರು ಎಲ್ಲಿ? 'ಒಂದು ಮರ ಇಲ್ಲದ ಖಾಲಿ ಬಯಲು' ಅಂತ ಓದಿದಾಗೆಲ್ಲ ನನಗೆ ಕಷ್ಟ ಆಗುತ್ತದೆ. ಅದನ್ನು ಖಾಲಿ ಮಾಡಿಸಿದ್ದು.

ಶಾಲ್ಮಲಾ
ನೀವು ಹೇಳಿದ್ದು ನಿಜ. ನಾನು ಮೇಲೆ ಬರೆದದ್ದರಲ್ಲಿ ಇದು ಬರಲಿಲ್ಲ, ಬರಬೇಕಿತ್ತು.

ಹಳೇ_ಕ್ಯಾಮೆರಾ
ಇತಿಹಾಸ ಒಪ್ಪುತ್ತೇನೆ. ಆದರೆ 1886ರಲ್ಲಿ ಪಾನಿ ಜನರು ಅಲ್ಲಿ ಇರಲೇ ಇಲ್ಲ. ಇಲ್ಲದವರನ್ನು ತೆಗೆಯಲಿಲ್ಲ ಅಂತ ಬುಚರ್ ಮೇಲೆ ಯಾಕೆ ಹೊರಿಸುತ್ತೀರಿ?

ಕಾವೇರಿಕಣಿವೆ
ಬುಚರ್ ಮೇಲೆ ಹೊರಿಸುತ್ತಿಲ್ಲ. ನೋಡುವ ನಮ್ಮ ಮೇಲೆ ಹೊರಿಸುತ್ತಿದ್ದೇನೆ. ಫೋಟೋದ ಕೆಳಗೆ ಎರಡು ಸಾಲು ಬರೆಯುವಾಗ ಅದನ್ನೂ ಬರೆಯಿರಿ ಅಂತ.

ಒಮಾಹಾ_ಅಕ್ಕ
ಈ ಮಾತಿಗೆ ನನ್ನದೂ ಕೈ. ಜೊತೆಗೆ ಇನ್ನೊಂದು ಸೇರಿಸುತ್ತೇನೆ. ಬುಚರ್‌ನ ಫೋಟೋಗಳಲ್ಲಿ ಕಪ್ಪು ಜನರ ಕುಟುಂಬಗಳೂ ಇವೆ. ವೆಸ್ಟರ್‌ವಿಲ್ ಹತ್ತಿರ 1887ರಲ್ಲಿ ತೆಗೆದ ಶೋರ್ಸ್ ಕುಟುಂಬದ ಫೋಟೋ ನೋಡಿ. ಜೆರ್ರಿ ಶೋರ್ಸ್ ಮೊದಲು ಗುಲಾಮರಾಗಿದ್ದವರು. ಅದೇ ಸುತ್ತಿನಲ್ಲಿ ಮೋಸಸ್ ಸ್ಪೀಸ್ ಕುಟುಂಬದ ಫೋಟೋವೂ ಇದೆ. ಇಬ್ಬರೂ ಅಣ್ಣತಮ್ಮಂದಿರು! ಮನೆತನದ ಹೆಸರು ಮಾತ್ರ ಬೇರೆ ಬೇರೆ, ಯಾಕೆಂದರೆ ಇಬ್ಬರ ಒಡೆಯರು ಬೇರೆ. ಗುಲಾಮಗಿರಿ ಹೋದ ಮೇಲೂ ಒಡೆಯನ ಹೆಸರು ಅಂಟಿಕೊಂಡೇ ಇತ್ತು.

ಆ ಫೋಟೋದಲ್ಲಿ ಅವರು ನಿಂತಿರುವ ರೀತಿ ಬೇರೆ ಎಲ್ಲ ಕುಟುಂಬಗಳ ಹಾಗೇ ಇದೆ. ತಮ್ಮ ಮನೆ, ತಮ್ಮ ಜಮೀನಿನ ಮುಂದೆ. ಆ ಫೋಟೋಗೆ 22 ವರ್ಷ ಮುಂಚೆ ಅವರ ಮೈಯೇ ಅವರದ್ದಾಗಿರಲಿಲ್ಲ. ಪಯಣಿಗ, ನೀನು 'ಸಾಲಾಗಿ ನಿಲ್ಲಿಸಿದ್ದಾರೆ' ಅಂದೆ. ಈ ಫೋಟೋದ ಮುಂದೆ ಕೂತು ಇನ್ನೊಮ್ಮೆ ಹೇಳು ನೋಡೋಣ.

ಬಯಲು_ಪಯಣಿಗ
ಅಕ್ಕಾ, ಈಗಷ್ಟೇ ತೆಗೆದು ನೋಡಿದೆ. ಸುಮ್ನೆ ಕೂತಿದ್ದೇನೆ.

ತುಂಗಾತೀರ
ಕ್ರಿಸ್ಮನ್ ಅಕ್ಕತಂಗಿಯರ ಫೋಟೋ ಬಗ್ಗೆ ಯಾರೂ ಹೇಳಲಿಲ್ಲ. ನಾಲ್ಕು ಜನ ಹುಡುಗಿಯರು ಮಣ್ಣಿನ ಮನೆಯ ಮುಂದೆ ನಿಂತಿರುವುದು, 1886. ಒಬ್ಬೊಬ್ಬರೂ 160 ಎಕರೆ ಬರೆಸಿಕೊಂಡು ಗಂಡಸರ ಹಂಗಿಲ್ಲದೆ ಬೇಸಾಯ ಮಾಡಿದರು ಅಂತ ಎಲ್ಲೋ ಓದಿ ತುಂಬಾ ಖುಷಿಯಾಗಿತ್ತು.

ಮರಳುಗುಡ್ಡ
ಫೋಟೋ ತೆಗೆದಾಗ ಇನ್ನೂ ಯಾರ ಹೆಸರಿನಲ್ಲೂ ಹೋಮ್‌ಸ್ಟೆಡ್ ಜಮೀನು, ಅಂದರೆ ನೆಲೆಸಲು ಸರ್ಕಾರ ಕೊಡುತ್ತಿದ್ದ ಜಮೀನು, ಇರಲಿಲ್ಲ. ದೊಡ್ಡವರು ಮೊದಲು ಅರ್ಜಿ ಹಾಕಿದರು, ಚಿಕ್ಕವರು 21 ತುಂಬುವವರೆಗೆ ಕಾಯಬೇಕಾಯಿತು. ಅವರ ಅಪ್ಪ ಅಲ್ಲೇ ದನ ಸಾಕುತ್ತಿದ್ದರು, ಹಾಗಾಗಿ ಪೂರ್ತಿ ಒಂಟಿಯಾಗಿರಲಿಲ್ಲ. ಆದರೆ ಒಬ್ಬಳ ಜಮೀನಿನಲ್ಲಿ ಇನ್ನೊಬ್ಬಳು ಹೋಗಿ ಜೊತೆಗಿದ್ದು, ಸರದಿಯ ಮೇಲೆ ಉಳಿದರು ಅನ್ನುವುದು ನಿಜ. ಜಮೀನು ಸಿಗಬೇಕಾದರೆ ಅಲ್ಲೇ ವಾಸ ಇರಬೇಕಿತ್ತಲ್ಲ.

1862ರ ಹೋಮ್‌ಸ್ಟೆಡ್ ಕಾನೂನು ಹಾಗಿತ್ತು. 160 ಎಕರೆ, ಐದು ವರ್ಷ ಅಲ್ಲೇ ಇದ್ದು ಉಳುಮೆ ಮಾಡಬೇಕು. ಮದುವೆಯಾಗದ ಹೆಂಗಸರಿಗೆ, ವಿಧವೆಯರಿಗೆ ಸಿಗುತ್ತಿತ್ತು. ಗಂಡನ ಜೊತೆ ಸಂಸಾರ ಮಾಡಿಕೊಂಡಿದ್ದವಳಿಗೆ ಅವಳ ಹೆಸರಿನಲ್ಲಿ ಸಿಗುತ್ತಿರಲಿಲ್ಲ.

ತುಂಗಾತೀರ
ಸರಿ ಸರ್. ಆದರೂ ಆ ಫೋಟೋ ನನಗೆ ಇಷ್ಟ. 21 ತುಂಬಲಿ ಅಂತ ಕಾಯುತ್ತಾ ನಿಂತ ಹುಡುಗಿಯರು ಅಂದರೆ ಇನ್ನೂ ಇಷ್ಟ ಆಯಿತು.

ನೆರಳು_ಬೆಳಕು
ತಡವಾಗಿ ಬಂದೆ. ಎಲ್ಲ ಓದಿದೆ. ಪಯಣಿಗರ ಪ್ರಶ್ನೆಗೆ ಬೇರೆ ಕೌಂಟಿಗಳ ಜೊತೆ ಹೋಲಿಸಿದರೆ ಚೆನ್ನಾಗಿ ಗೊತ್ತಾಗುತ್ತದೆ.

1936ರಲ್ಲಿ ವಾಕರ್ ಎವಾನ್ಸ್ ಅಲಬಾಮಾದ ಹೇಲ್ ಕೌಂಟಿಯಲ್ಲಿ ಗೇಣಿದಾರ ಕುಟುಂಬಗಳ ಫೋಟೋ ತೆಗೆದರು. 1941ರಲ್ಲಿ ಜ್ಯಾಕ್ ಡೆಲಾನೊ ಜಾರ್ಜಿಯಾದ ಗ್ರೀನ್ ಕೌಂಟಿಯಲ್ಲಿ ತೆಗೆದರು. ಎವಾನ್ಸ್ ಆಗ ಫಾರ್ಚೂನ್ ಪತ್ರಿಕೆಗಾಗಿ ಹೋಗಿದ್ದರು, ಆದರೂ ಫೋಟೋಗಳೆಲ್ಲ ಸೇರಿದ್ದು ಬಡ ರೈತರಿಗೆ ನೆರವಾಗಲು ಇದ್ದ ಸರ್ಕಾರಿ ಇಲಾಖೆಗೆ, 1937ರಿಂದ ಅದರ ಹೆಸರು ಫಾರ್ಮ್ ಸೆಕ್ಯುರಿಟಿ ಅಡ್ಮಿನಿಸ್ಟ್ರೇಷನ್. ವಾಷಿಂಗ್ಟನ್‌ನಲ್ಲಿ ರಾಯ್ ಸ್ಟ್ರೈಕರ್ ಕೂತು ಯಾವುದು ಬೇಕು, ಯಾವುದು ಬೇಡ ಅಂತ ಆರಿಸುತ್ತಿದ್ದರು. ಬೇಡದ ನೆಗೆಟಿವ್‌ಗಳಿಗೆ ತೂತು ಹೊಡೆಸಿದರು! ಇವತ್ತೂ ಆ ಫೋಟೋಗಳಲ್ಲಿ ಮುಖದ ಮೇಲೆ, ಹೊಲದ ಮೇಲೆ ಕಪ್ಪು ಚುಕ್ಕಿ ಕಾಣುತ್ತದೆ.

ಅಲ್ಲಿ ಯಾರೂ ಆರ್ಗನ್ ಹೊತ್ತು ತರಲಿಲ್ಲ. ಹರಿದ ಬಟ್ಟೆ, ಖಾಲಿ ಅಡುಗೆಮನೆ, ಸುಕ್ಕುಗಟ್ಟಿದ ಮುಖ. ನಾವು ಅದನ್ನು 'ನಿಜ' ಅನ್ನುತ್ತೇವೆ. ಆದರೆ ಏನು ತೋರಿಸಬೇಕು ಅಂತ ನಿರ್ಧಾರ ಮಾಡಿದ್ದು ಯಾರು? ಹೊರಗಿನಿಂದ ಬಂದವರು. ಡೊರೊತಿಯಾ ಲ್ಯಾಂಗ್ ತೆಗೆದ ವಲಸೆ ತಾಯಿಯ ಫೋಟೋ ಪ್ರಪಂಚಕ್ಕೆಲ್ಲ ಗೊತ್ತು. ಅದರಲ್ಲಿದ್ದ ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಎಷ್ಟೋ ವರ್ಷದ ಮೇಲೆ ಆ ಚಿತ್ರದ ಬಗ್ಗೆ ಬೇಸರ ಹೇಳಿಕೊಂಡರು. ಕಸ್ಟರ್ ಕೌಂಟಿಯವರು ತಾವೇ ಆರಿಸಿದರು. ನನಗೆ ಬುಚರ್‌ನ ಜೋಡಿಸಿದ ಫೋಟೋಗಳೇ ಜಾಸ್ತಿ ನಂಬಿಕೆಯವು ಅನ್ನಿಸುತ್ತವೆ.

ಹಳೇ_ಕ್ಯಾಮೆರಾ
ಇಲ್ಲ, ಇದು ವಿಪರೀತ ಆಯಿತು. ಎವಾನ್ಸ್‌ರ ಫೋಟೋ ಇಲ್ಲದಿದ್ದರೆ ಗೇಣಿದಾರರ ಮನೆಯೊಳಗೆ ಹೇಗಿತ್ತು ಅಂತ ನಮಗೆ ತಿಳಿಯುತ್ತಲೇ ಇರಲಿಲ್ಲ. ಬುಚರ್‌ನ ಫೋಟೋದಲ್ಲಿ ಹಸಿವು ಎಲ್ಲಿದೆ? 1890, 1894ರಲ್ಲಿ ಬರ ಬಂತು. ಹತ್ತು ವರ್ಷದಲ್ಲಿ ಎರಡು ಸಾವಿರದಿಂದ ಇಪ್ಪತ್ತೊಂದು ಸಾವಿರಕ್ಕೆ ಏರಿದ್ದ ಕೌಂಟಿಯಿಂದ ಜನ ಗಾಡಿ ಕಟ್ಟಿಕೊಂಡು ವಾಪಸ್ ಹೊರಟರು. ಹೋಗುವವರು ಫೋಟೋ ತೆಗೆಸಿಕೊಳ್ಳಲಿಲ್ಲ. ತಮಗೆ ಬೇಕಾದ್ದನ್ನು ಮಾತ್ರ ತೋರಿಸಿದರೆ ಸೋಲು ಕಾಣುವುದಿಲ್ಲ.

ನೆರಳು_ಬೆಳಕು
ಹ್ಮ್. ಹೋದವರ ಮಾತು ನಾನು ಯೋಚಿಸಿರಲಿಲ್ಲ. ಜಾಸ್ತಿ ನಂಬಿಕೆಯವು ಅಂದದ್ದು ವಾಪಸ್. ಬೇರೆ ಥರದ ನಂಬಿಕೆ ಅನ್ನುತ್ತೇನೆ.

ಗಾಜಿನ_ಪ್ಲೇಟು
ನಾನು ಒಂದು ತಾಂತ್ರಿಕ ಮಾತು ಹೇಳಿ ಹೋಗುತ್ತೇನೆ. ಬುಚರ್‌ನ ಪ್ಲೇಟು ಆರೂವರೆ ಇಂಚು ಅಗಲ, ಎಂಟೂವರೆ ಇಂಚು ಉದ್ದ. ನಿಮ್ಮ ಅಂಗೈಗಿಂತ ದೊಡ್ಡದು. ಅದರಲ್ಲಿ ಅಪಾರ ವಿವರ ಕೂತಿರುತ್ತದೆ. ಸುಮಾರು 3000 ನೆಗೆಟಿವ್‌ಗಳನ್ನು ನೆಬ್ರಾಸ್ಕಾದ ರಾಜ್ಯ ಇತಿಹಾಸ ಸಂಸ್ಥೆ ಇಟ್ಟುಕೊಂಡಿದೆ, 1912ರ ಹೊತ್ತಿಗೆ ಬುಚರ್ ಮಾರಿದ್ದು. ಅವನ್ನು ಡಿಜಿಟಲ್ ಮಾಡಿ ಲೈಬ್ರರಿ ಆಫ್ ಕಾಂಗ್ರೆಸ್ ಜೊತೆ ಸೇರಿ ಎಲ್ಲರಿಗೂ ತೆರೆದಿಟ್ಟರು.

ಸ್ಕ್ಯಾನ್ ಮಾಡಿದಾಗ ಏನಾಯಿತು ಗೊತ್ತಾ? ತೆರೆದ ಬಾಗಿಲು ಪ್ರಿಂಟಿನಲ್ಲಿ ಬರೀ ಕಪ್ಪು ಚೌಕ. ಕಂಪ್ಯೂಟರಿನಲ್ಲಿ ಆ ಕಪ್ಪನ್ನು ತಿಳಿ ಮಾಡಿದರೆ ಮನೆಯ ಒಳಗಿನ ಸಾಮಾನು ಕಾಣಿಸತೊಡಗಿತು! ಪಯಣಿಗರೇ, ಅಂಗಳದಲ್ಲಿ ಇಟ್ಟದ್ದು ಅವರು ತೋರಿಸಬೇಕೆಂದಿದ್ದು. ಬಾಗಿಲಿನ ಒಳಗೆ ಕಾಣುವುದು ಅವರು ತೋರಿಸಬೇಕು ಅಂದುಕೊಳ್ಳದೇ ಇದ್ದದ್ದು. ನಿಮಗೆ ಬೇಕಾದ ದಿನನಿತ್ಯದ ಬದುಕು ಅಲ್ಲಿ ಹುಡುಕಿ.

ಬಯಲು_ಪಯಣಿಗ
ಇದು! ನಾನು ಮೂರು ವಾರದಿಂದ ಮುಖಗಳನ್ನೇ ನೋಡುತ್ತಿದ್ದೆ. ಇವತ್ತು ರಾತ್ರಿ ಬಾಗಿಲುಗಳನ್ನು ನೋಡುತ್ತೇನೆ.

ಕುಂದಗೋಳ_ಹುಡುಗಿ
ವಿಷಯ ಸ್ವಲ್ಪ ಬೇರೆ, ಕ್ಷಮಿಸಿ. ನಮ್ಮ ಮುತ್ತಜ್ಜನ ಕಾಲದ ಏಳೆಂಟು ಗಾಜಿನ ನೆಗೆಟಿವ್ ಅಟ್ಟದ ಟ್ರಂಕಿನಲ್ಲಿವೆ. ಒಂದು ಸ್ಟುಡಿಯೋಗೆ ಒಂದನ್ನು ಕೊಟ್ಟಿದ್ದೆ, ಅವರು ಧೂಳು ಹೋಗಲಿ ಅಂತ ನೀರಲ್ಲಿ ತೊಳೆದುಬಿಟ್ಟರು. ಚಿತ್ರ ಪೊರೆಯ ಹಾಗೆ ಎದ್ದು ಬಂತು. ಅಳು ಬಂತು ನನಗೆ. ಉಳಿದದ್ದನ್ನು ಏನು ಮಾಡಲಿ?

ಗಾಜಿನ_ಪ್ಲೇಟು
ಅಯ್ಯೋ ತಂಗಿ. ಉಳಿದದ್ದನ್ನು ಯಾರಿಗೂ ಕೊಡಬೇಡ. ನೀರು ಮುಟ್ಟಿಸಬೇಡ. ಹೊಳಪಿಲ್ಲದ ಬದಿಯೇ ಚಿತ್ರ ಇರುವ ಬದಿ, ಅದಕ್ಕೆ ಬೆರಳು ತಾಗಬಾರದು. ಅಂಚು ಹಿಡಿದು ಎತ್ತು. ಒಂದೊಂದನ್ನೂ ಬೇರೆ ಬೇರೆ ಬಿಳಿ ಕಾಗದದಲ್ಲಿ ಸುತ್ತಿ, ಉದ್ದದ ಅಂಚು ಕೆಳಗೆ ಬರುವಂತೆ ಪೆಟ್ಟಿಗೆಯಲ್ಲಿ ನಿಲ್ಲಿಸು. ಒಂದರ ಮೇಲೊಂದು ಮಲಗಿಸಬೇಡ, ಭಾರಕ್ಕೆ ಒಡೆಯುತ್ತದೆ. ಸದ್ಯಕ್ಕೆ ಟ್ಯಾಬ್ಲೆಟ್‌ನಲ್ಲಿ ಬರೀ ಬಿಳಿ ಪರದೆ ಹಾಕಿ, ಅದರಿಂದ ಒಂದೆರಡು ಇಂಚು ಮೇಲೆ ಪ್ಲೇಟನ್ನು ಹಿಡಿದು ಮೊಬೈಲಿನಲ್ಲಿ ಫೋಟೋ ತೆಗೆ. ಆಮೇಲೆ ಬಣ್ಣ ತಿರುಗಿಸಿದರೆ ಚಿತ್ರ ಬರುತ್ತದೆ.

ಮರಳುಗುಡ್ಡ
ಟ್ರಂಕನ್ನು ಅಟ್ಟದಿಂದ ಇಳಿಸಿ ಕೂಡ. ತಗಡಿನ ಕೆಳಗೆ ಬೇಸಿಗೆಯ ಬಿಸಿ ಜಾಸ್ತಿ.

ಕುಂದಗೋಳ_ಹುಡುಗಿ
ಈಗಷ್ಟೇ ಒಂದನ್ನು ಹಾಗೆ ತೆಗೆದೆ. ಬಂತು! ಕಟ್ಟೆಯ ಮೇಲೆ ಐದು ಜನ. ನಡುವೆ ಒಂದು ಕುರ್ಚಿ ಇದೆ, ಅದರಲ್ಲಿ ಯಾರೂ ಕೂತಿಲ್ಲ. ಕುರ್ಚಿಯ ಮೇಲೆ ಗೋಡೆ ಗಡಿಯಾರ ಇಟ್ಟಿದ್ದಾರೆ. ಹನ್ನೊಂದು ಗಂಟೆ ಹತ್ತು ನಿಮಿಷ ತೋರಿಸುತ್ತಿದೆ.

ಒಮಾಹಾ_ಅಕ್ಕ
ಗಡಿಯಾರನಾ! ಅಮ್ಮನಿಗೆ ತೋರಿಸು ಬೇಗ.

ಕುಂದಗೋಳ_ಹುಡುಗಿ
ತೋರಿಸಿದೆ ಅಕ್ಕಾ. ಅದು ಓಡಿದ್ದನ್ನು ಅಮ್ಮ ನೋಡಿಲ್ಲವಂತೆ. ಅಜ್ಜಿ ಅದರೊಳಗೆ ಬೀಗದ ಕೈ ಇಡುತ್ತಿದ್ದಳಂತೆ.